ಪದವಿ ವಿದ್ಯಾರ್ಥಿಗಳ ಸಂಶೋಧನೆ: ಎಲ್ಲರೂ ಬರುವಂತೆ ಮಾಡುವುದು ಹೇಗೆ?

ಪ್ರಶ್ನೆ
ನಮ್ಮ ವಿಭಾಗ ಪ್ರತಿ ವರ್ಷ ಕೆಲವು ಪದವಿ ವಿದ್ಯಾರ್ಥಿಗಳನ್ನು ಲ್ಯಾಬ್‌ಗಳಿಗೆ ಸೇರಿಸಿಕೊಳ್ಳುತ್ತದೆ. ನೋಟಿಸ್ ಬೋರ್ಡಿನಲ್ಲಿ ಹಾಕಿದರೂ ಅರ್ಜಿ ಬರುವುದು ಓದಿದ ಮನೆತನದ, ಒಳ್ಳೆಯ ಅಂಕದ ಮಕ್ಕಳಿಂದಲೇ. ದುಡಿಯುತ್ತ ಓದುವವರು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು, ಅಂಗವೈಕಲ್ಯ ಇರುವವರು ಇತ್ತ ಸುಳಿಯುವುದೇ ಇಲ್ಲ. ಎಲ್ಲಿಂದ ಶುರು ಮಾಡಬೇಕು?

ಉತ್ತರ 1
ಆಯ್ಕೆಯ ದಾರಿಯಿಂದ. ‘ಆಸಕ್ತರು ಪ್ರಾಧ್ಯಾಪಕರಿಗೆ ಇಮೇಲ್ ಮಾಡಿ’ ಎಂದರೆ, ಹೇಗೆ ಬರೆಯಬೇಕೆಂದು ಹೇಳಿಕೊಡುವವರು ಇದ್ದವರಷ್ಟೇ ಬರೆಯುತ್ತಾರೆ. ಬರೆದರೂ ಉತ್ತರ ಎಲ್ಲರಿಗೂ ಒಂದೇ ಥರ ಸಿಗುವುದಿಲ್ಲ. ಅಮೆರಿಕದ 259 ವಿಶ್ವವಿದ್ಯಾಲಯಗಳ 6,500ಕ್ಕೂ ಹೆಚ್ಚು ಪ್ರಾಧ್ಯಾಪಕರಿಗೆ, ಪಿಎಚ್‌ಡಿ ಆಕಾಂಕ್ಷಿಗಳ ಹೆಸರಿನಲ್ಲಿ ಒಂದೇ ಒಕ್ಕಣೆಯ ಪತ್ರ ಕಳಿಸಿ ನೋಡಿದ ಅಧ್ಯಯನವಿದೆ. ಬಿಳಿಯ ಗಂಡಸರ ಹೆಸರಿದ್ದ ಪತ್ರಗಳಿಗೇ ಹೆಚ್ಚು ಉತ್ತರ ಬಂತು.

ಎಲ್ಲ ಪ್ರಾಜೆಕ್ಟ್‌ಗಳಿಗೂ ಒಂದೇ ಫಾರಂ, ಒಂದೇ ಕೊನೆಯ ದಿನಾಂಕ ಇಡಿ. ಅಂಕಕ್ಕೆ ಕನಿಷ್ಠ ಮಿತಿ ಸಾಕು, ಅದರ ಮೇಲೆ ರ‍್ಯಾಂಕ್ ಬೇಡ. ‘ಹಿಂದಿನ ಲ್ಯಾಬ್ ಅನುಭವ’ ಎಂಬ ಕಾಲಂ ತೆಗೆದುಹಾಕಿ; ಅನುಭವ ಕೊಡಲೆಂದೇ ಕರೆಯುವಾಗ ಅದನ್ನೇ ಕೇಳುವುದು ಅನ್ಯಾಯ. ಮಾನದಂಡಗಳನ್ನು ಅರ್ಜಿ ತೆರೆಯುವ ಮೊದಲೇ ಬರೆದಿಡಿ. ಇಬ್ಬರು ಬೇರೆ ಬೇರೆಯಾಗಿ ಅಂಕ ಹಾಕಲಿ, ಆಮೇಲೆ ಕೂತು ಮಾತಾಡಲಿ.

ಉತ್ತರ 2
ಹಣದ ಮಾತು ಬಿಟ್ಟುಹೋಯಿತು. ಪಾರ್ಟ್‌ಟೈಮ್ ಕೆಲಸ ಬಿಟ್ಟು ಬರುವವರಿಗೆ ಆ ಕೂಲಿಯಷ್ಟಾದರೂ ಸ್ಟೈಪೆಂಡ್ ಬೇಕು, ಅದೂ ತಿಂಗಳು ತಿಂಗಳು. ಕೊನೆಯಲ್ಲಿ ಒಟ್ಟಿಗೆ ಕೊಟ್ಟರೆ ಅಲ್ಲಿಯವರೆಗೆ ಅವರು ಸಾಲ ಮಾಡಬೇಕಾಗುತ್ತದೆ. ಹಣದ ಬದಲು ಕ್ರೆಡಿಟ್ (ಪದವಿ ಮುಗಿಸಲು ಲೆಕ್ಕಕ್ಕೆ ಬರುವ ಕೋರ್ಸ್ ಘಟಕ) ಮಾತ್ರ ಕೊಡುವುದೂ ಅಪಾಯ: ಕ್ರೆಡಿಟ್ ಲೆಕ್ಕದಲ್ಲಿ ಶುಲ್ಕ ಇರುವ ಕಡೆ ವಿದ್ಯಾರ್ಥಿಯೇ ದುಡ್ಡು ಕೊಟ್ಟು ದುಡಿದಂತಾಗುತ್ತದೆ. ವಾರಕ್ಕೆ ಎಷ್ಟು ಗಂಟೆ, ಯಾವ ಹೊತ್ತು ಎಂಬುದನ್ನು ಪ್ರಕಟಣೆಯಲ್ಲೇ ಹೇಳಿ.

ಉತ್ತರ 3
ಇಷ್ಟೆಲ್ಲ ಮಾಡಿದರೂ ಸೀಟುಗಳು ಅಷ್ಟೇ ಇರುತ್ತವೆ. ಸಂಶೋಧನೆಯನ್ನು ಕಡ್ಡಾಯ ಪ್ರಾಯೋಗಿಕ ತರಗತಿಯೊಳಗೇ ತನ್ನಿ. ಆಗ ಅರ್ಜಿಯ ಪ್ರಶ್ನೆಯೇ ಏಳದು. ಅಮೆರಿಕದ ಕಾಲೇಜುಗಳಲ್ಲಿ 2008ರಲ್ಲಿ ಶುರುವಾದ ಸೀ-ಫೇಜಸ್ (SEA-PHAGES) ಎಂಬ ಕಾರ್ಯಕ್ರಮ ಒಳ್ಳೆಯ ಮಾದರಿ. ಅಲ್ಲಿ ಹೊಸದಾಗಿ ಸೇರಿದ ವಿದ್ಯಾರ್ಥಿಗಳೇ ಮಣ್ಣಿನಿಂದ ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್‌ಗಳನ್ನು ಬೇರ್ಪಡಿಸಿ, ಹೆಸರಿಟ್ಟು, ಅವುಗಳ ಜೀನೋಮ್ (ಇಡೀ ಆನುವಂಶಿಕ ಮಾಹಿತಿ) ವಿಶ್ಲೇಷಿಸುತ್ತಾರೆ. ಎಲ್ಲರದೂ ಒಂದೇ ವಿಧಾನ, ಪರೀಕ್ಷಿಸುವ ಮಣ್ಣು ಮಾತ್ರ ಬೇರೆ. ಹಾಗಾಗಿ ಒಬ್ಬ ಶಿಕ್ಷಕರೇ ಇಡೀ ತರಗತಿಯನ್ನು ನಿಭಾಯಿಸಬಹುದು.

ಮೊದಲಿಗೆ ಸೆಮಿಸ್ಟರಿನ ಕೊನೆಯ ಆರು ವಾರಗಳನ್ನಷ್ಟೇ ಇದಕ್ಕೆ ಬಿಡಿ. ಎಡವುವುದು ಮೌಲ್ಯಮಾಪನದಲ್ಲಿ: ಫಲಿತಾಂಶಕ್ಕೆ ಅಂಕವಿಟ್ಟರೆ ವಿದ್ಯಾರ್ಥಿಗಳು ಅಂಕಿಅಂಶ ತಿದ್ದುತ್ತಾರೆ. ಲ್ಯಾಬ್ ನೋಟ್‌ಬುಕ್‌ಗೆ, ಪ್ರಯೋಗ ಏಕೆ ಕೆಟ್ಟಿತೆಂಬ ತರ್ಕಕ್ಕೆ ಅಂಕ ಕೊಡಿ.

ಉತ್ತರ 4
ಸೇರಿದ ಮೇಲಿನದೂ ಮುಖ್ಯ. ಯಾವ ಅನುಕೂಲ ಬೇಕೆಂದು ಆಯ್ಕೆಯಾದ ಎಲ್ಲರನ್ನೂ ಕೇಳಿ. ಒಬ್ಬರನ್ನೇ ಬೊಟ್ಟು ಮಾಡಿ ಕೇಳಬೇಡಿ. ವಾರಕ್ಕೊಂದು ನಿಗದಿತ ಭೇಟಿ ಇರಲಿ. ಅರ್ಜಿ ಹಾಕಿದವರು, ಆಯ್ಕೆಯಾದವರು, ಮುಗಿಸಿದವರು, ಈ ಮೂರನ್ನೂ ಗುಂಪುವಾರು ಬರೆದಿಡಿ. ಯಾವ ಹಂತದಲ್ಲಿ ಯಾರು ಉದುರುತ್ತಿದ್ದಾರೆಂದು ಅದರಿಂದಲೇ ತಿಳಿಯುತ್ತದೆ.