ಕೀಲಿಂಗ್ ದತ್ತಾಂಶವನ್ನು ನುಡಿಸುವ ಪೈಥಾನ್ ಪ್ಯಾಕೇಜ್: ಒಂದು ನಿಮಿಷದೊಳಗೆ ಶ್ರುತಿ ಕೀರಲಾಗುತ್ತಿದೆ

ತಂಬೂರಿ (ಪ್ರಶ್ನೆ):
ಅಂಕಿ-ಅಂಶಗಳನ್ನು ಧ್ವನಿಯಾಗಿ ಮಾರ್ಪಡಿಸುವ ಸಣ್ಣ ಪೈಥಾನ್ ಪ್ಯಾಕೇಜೊಂದನ್ನು ಬರೆಯುತ್ತಿದ್ದೇನೆ. ಉದಾಹರಣೆಗಾಗಿ, ಹವಾಯಿಯ ಮೌನಾ ಲೋವಾದಲ್ಲಿ 1958ರ ಮಾರ್ಚ್‌ನಿಂದ ಅಳೆಯಲಾಗುತ್ತಿರುವ ಇಂಗಾಲದ ಡೈಆಕ್ಸೈಡ್‌ನ ಮಾಸಿಕ ಸರಾಸರಿಗಳನ್ನು (ಕೀಲಿಂಗ್ ದತ್ತಾಂಶ) 2023ರ ಕೊನೆಯವರೆಗೆ ತೆಗೆದುಕೊಂಡಿದ್ದೇನೆ. ಒಂದು ತಿಂಗಳಿಗೆ 0.1 ಸೆಕೆಂಡ್, 310 ಪಿಪಿಎಂಗೆ (ದಶಲಕ್ಷದಲ್ಲಿ 310 ಭಾಗಕ್ಕೆ) 220 ಹರ್ಟ್ಸ್, 430ಕ್ಕೆ 880 ಹರ್ಟ್ಸ್. ನಡುವಿನ ಕಂಪನಾಂಕಗಳನ್ನು ನಂಪೈ ಲೈಬ್ರರಿಯ ಇಂಟರ್ಪ್‌ನಿಂದ (ಎರಡು ಬೆಲೆಗಳ ನಡುವೆ ಸರಳರೇಖೆ ಎಳೆಯುವ ಫಂಕ್ಷನ್) ತುಂಬಿ, ಕಂಪನಾಂಕವನ್ನು ಕಾಲದಿಂದಲೂ 2 ಪೈನಿಂದಲೂ ಗುಣಿಸಿ ಸೈನ್ ತೆಗೆಯುತ್ತೇನೆ. ಮೊದಲ ಒಂದೆರಡು ಸೆಕೆಂಡ್ ಸರಿಯಾಗಿಯೇ ಕೇಳುತ್ತದೆ. ಆಮೇಲೆ ನಾದ ಜಾರಾಡತೊಡಗಿ, ನಿಮಿಷ ತುಂಬುವಷ್ಟರಲ್ಲಿ ಬರಿಯ ಕೀರಲಾಗುತ್ತದೆ. ಅರೇಯಲ್ಲಿ ಯಾವ ಬೆಲೆಯೂ 880ನ್ನು ದಾಟಿಲ್ಲ. ದೋಷ ಎಲ್ಲಿರಬಹುದು?

ಗಣಕಪ್ರಿಯ:
ಅರೇ ಸರಿಯಾಗಿದೆ, ಸೂತ್ರ ಸರಿಯಿಲ್ಲ. ಆ ಗುಣಾಕಾರ ಬದಲಾಗದ ಕಂಪನಾಂಕಕ್ಕೆ ಮಾತ್ರ ಹೊಂದುತ್ತದೆ. ಕಿವಿಗೆ ಕೇಳುವುದು ಫೇಸ್ (ಸೈನ್‌ನೊಳಗಿನ ಕೋನ) ಮುಂದುವರಿಯುವ ವೇಗ. ಕಂಪನಾಂಕವೂ ಬದಲಾಗುತ್ತಿದ್ದರೆ, ಅದು ಬದಲಾಗುವ ದರವನ್ನು ಆವರೆಗೆ ಕಳೆದ ಕಾಲದಿಂದ ಗುಣಿಸಿದಷ್ಟು ಹೆಚ್ಚುವರಿ ಕಂಪನಾಂಕ ಅದಕ್ಕೆ ಸೇರಿಕೊಳ್ಳುತ್ತದೆ. ನಿಮ್ಮ ಲೆಕ್ಕದಲ್ಲಿ 1 ಪಿಪಿಎಂ ಎಂದರೆ 5.5 ಹರ್ಟ್ಸ್. ತಿಂಗಳಿಗೆ 1 ಪಿಪಿಎಂ ಏರಿದರೆ ಸೆಕೆಂಡಿಗೆ 55 ಹರ್ಟ್ಸ್ ಏರಿದಂತೆ, ಆದ್ದರಿಂದ 60ನೆಯ ಸೆಕೆಂಡಿನಲ್ಲಿ 3,300 ಹರ್ಟ್ಸ್ ಅಧಿಕವಾಗಿ ಕೇಳುತ್ತದೆ. ಉತ್ತರಾರ್ಧಗೋಳದ ಬೇಸಿಗೆಯಲ್ಲಿ ಸಸ್ಯಗಳು ಇಂಗಾಲವನ್ನು ಹೀರಿ ಮಟ್ಟ ಇಳಿಯುವಾಗ ಈ ಮೊತ್ತ ಋಣಾತ್ಮಕವಾಗುತ್ತದೆ, ಆದರೆ ಕಿವಿಗೆ ಋಣ ಚಿಹ್ನೆ ತಿಳಿಯದ ಕಾರಣ ಆಗಲೂ ಕೇಳುವುದು ಕೀರಲೇ.

ಗುಣಿಸುವ ಬದಲು ಕೂಡಿಸುತ್ತ ಹೋಗಿ: ಕಂಪನಾಂಕಗಳ ಅರೇಗೆ ಕ್ಯುಮ್‌ಸಮ್ (ಆವರೆಗಿನ ಮೊತ್ತ) ಹಾಕಿ, 44,100ರಿಂದ (ಸೆಕೆಂಡಿಗೆ ಇರುವ ಸ್ಯಾಂಪಲ್‌ಗಳ ಸಂಖ್ಯೆ) ಭಾಗಿಸಿ, 2 ಪೈನಿಂದ ಗುಣಿಸಿ, ಅದರ ಸೈನ್ ತೆಗೆಯಿರಿ. ಮೊತ್ತವನ್ನು ಫ್ಲೋಟ್64ರಲ್ಲಿಯೇ ಇಡಿ. ಫ್ಲೋಟ್32ರಲ್ಲಿ ಇಷ್ಟು ಉದ್ದದ ಮೊತ್ತ ನಿಖರತೆ ಕಳೆದುಕೊಳ್ಳುತ್ತದೆ.

ಕೇಳದಿದ್ದರೂ ಒಂದು ಮಾತು: 220ರಿಂದ 880ರವರೆಗೆ ಎರಡು ಸ್ಥಾಯಿಗಳಿವೆ, ಕಿವಿಗೆ ಅವುಗಳ ನಡುಮಧ್ಯ 440, ನಿಮ್ಮ ಸರಳರೇಖೆಯಲ್ಲಿ ಅದು 550. 220ನ್ನು 2ರ ಘಾತದಿಂದ ಗುಣಿಸುವ ಕ್ರಮವನ್ನೇ ಪ್ಯಾಕೇಜಿನ ಡೀಫಾಲ್ಟ್ ಮಾಡುವುದು ಒಳ್ಳೆಯದು.

ತಂಬೂರಿ:
ಧನ್ಯವಾದಗಳು, ಕೀರಲು ನಿಂತಿದೆ. ಆದರೆ ಈಗ 0.2 ಸೆಕೆಂಡ್ ನುಡಿದು ಪೂರ್ತಿ ಮೌನವಾಗುತ್ತದೆ. ಹಳೆಯ ಸೂತ್ರದಲ್ಲಿ ಹೀಗಾಗುತ್ತಿರಲಿಲ್ಲ.

ಗಣಕಪ್ರಿಯ:
ಈ ಅಳತೆಗಳನ್ನು ಪ್ರಕಟಿಸುವ ಸ್ಕ್ರಿಪ್ಸ್ ಸಂಸ್ಥೆಯ ಕಡತದಲ್ಲಿ ಅಳತೆಯಿಲ್ಲದ ತಿಂಗಳುಗಳಿಗೆ -99.99 ಎಂದಿರುತ್ತದೆ, ನೀವು ಅದನ್ನು ನ್ಯಾನ್ (ಸಂಖ್ಯೆಯಲ್ಲದ ಬೆಲೆ) ಆಗಿ ಬದಲಿಸಿರಬೇಕು. 1958ರ ಜೂನ್ ಅಂಥ ತಿಂಗಳು. ನಿಮ್ಮ ಕಾಲಮಾನದಲ್ಲಿ ಮೇ ತಿಂಗಳು ಬರುವುದು ಸರಿಯಾಗಿ 0.2 ಸೆಕೆಂಡಿಗೆ, ಅಲ್ಲಿಂದ ಜೂನ್‌ವರೆಗೆ ಇಂಟರ್ಪ್ ತುಂಬುವುದೆಲ್ಲ ನ್ಯಾನ್. ಹಳೆಯ ಸೂತ್ರದಲ್ಲಿ ನ್ಯಾನ್ ತನ್ನ ಆಚೀಚೆಯನ್ನಷ್ಟೇ ಕೆಡಿಸುತ್ತಿತ್ತು. ಕೂಡಿಸುತ್ತ ಹೋಗುವಾಗ ಒಂದೇ ನ್ಯಾನ್ ಮುಂದಿನದನ್ನೆಲ್ಲ ನುಂಗುತ್ತದೆ. ಖಾಲಿ ತಿಂಗಳ ಕಂಪನಾಂಕವನ್ನು ಅಕ್ಕಪಕ್ಕದ ಬೆಲೆಗಳಿಂದ ತುಂಬಿರಿ, ಆದರೆ ಅಲ್ಲಿ ಧ್ವನಿಯ ಮಟ್ಟವನ್ನು 10 ಮಿಲಿಸೆಕೆಂಡಿನಲ್ಲಿ ಸೊನ್ನೆಗೆ ಇಳಿಸಿ, ಹಾಗೆಯೇ ಮತ್ತೆ ಏರಿಸಿ. ಅಳೆಯದಿರುವುದನ್ನು ಅಳೆದಂತೆ ನುಡಿಸುವುದು ನನಗೆ ಸಮ್ಮತವಲ್ಲ.

ಪೈಟೆಸ್ಟ್‌ನಲ್ಲಿ ಒಂದು ಪರೀಕ್ಷೆಯನ್ನೂ ಸೇರಿಸಿ: 880 ಹರ್ಟ್ಸ್ ಮೀರದ, ಗರಿಷ್ಠ ಮಟ್ಟ 1 ಇರುವ ಅಲೆಯಲ್ಲಿ ಅಕ್ಕಪಕ್ಕದ ಸ್ಯಾಂಪಲ್‌ಗಳ ಅಂತರ ಸುಮಾರು 0.125ನ್ನು ದಾಟದು. ಗರಿಷ್ಠ ಅಂತರ 0.13ರೊಳಗೆ ಇರಬೇಕೆಂಬ ಒಂದು ಅಸರ್ಟ್ ಈ ಎರಡೂ ದೋಷಗಳನ್ನು ಹಿಡಿಯುತ್ತದೆ, ಏಕೆಂದರೆ ನ್ಯಾನ್ ಇದ್ದರೆ ಹೋಲಿಕೆಯೇ ಸುಳ್ಳಾಗುತ್ತದೆ.

ತಂಬೂರಿ:
ಎರಡೂ ಸರಿಹೋದವು. ಕೊನೆಯದಾಗಿ, ವ್ಹೀಲ್ (ಇನ್‌ಸ್ಟಾಲ್ ಮಾಡುವ ಪ್ಯಾಕೇಜ್ ಕಡತ) ಕಟ್ಟಿ ಸ್ನೇಹಿತರಿಗೆ ಕಳುಹಿಸಿದರೆ ಉದಾಹರಣೆಯ ಸಿಎಸ್‌ವಿ ಕಡತ ಸಿಗುತ್ತಿಲ್ಲವೆಂದು ಬರುತ್ತದೆ. ನನ್ನ ಕಂಪ್ಯೂಟರಿನಲ್ಲಿ ತೊಂದರೆಯಿಲ್ಲ.

ಹೊಳೆದಂಡೆ:
ನೀವು ಎಡಿಟಬಲ್ ಆಗಿ ಇನ್‌ಸ್ಟಾಲ್ ಮಾಡಿಕೊಂಡಿದ್ದರೆ ಪೈಥಾನ್ ನಿಮ್ಮ ಮೂಲ ಫೋಲ್ಡರನ್ನೇ ಓದುತ್ತದೆ, ಹಾಗಾಗಿ ಕೊರತೆ ಕಾಣುವುದಿಲ್ಲ. ಸಿಎಸ್‌ವಿಯನ್ನು ಪ್ಯಾಕೇಜಿನ ಫೋಲ್ಡರಿನ ಒಳಗಿಟ್ಟು, ಸೆಟಪ್‌ಟೂಲ್ಸ್ ಬಳಸುತ್ತಿದ್ದರೆ ಪೈಪ್ರಾಜೆಕ್ಟ್ ಕಡತದ ಪ್ಯಾಕೇಜ್-ಡೇಟಾ ಭಾಗದಲ್ಲಿ ನಮೂದಿಸಿ, ಕೋಡಿನಲ್ಲಿ ಇಂಪೋರ್ಟ್‌ಲಿಬ್ ರಿಸೋರ್ಸಸ್ ಮೂಲಕ ತೆರೆಯಿರಿ. ವ್ಹೀಲ್ ಎಂದರೆ ಜಿಪ್ ಕಡತವೇ. ಕಳುಹಿಸುವ ಮೊದಲು ಬಿಚ್ಚಿ ನೋಡಿ.