ಅಪ್ಪ-ಅಮ್ಮನ ಜೊತೆ ಬ್ಯಾಂಕಾಕ್: ಏನು ನೋಡೋದು, ಏನು ಬಿಡೋದು?

ಪ್ರಶ್ನೆ: ಅಪ್ಪ-ಅಮ್ಮ ಇಬ್ಬರಿಗೂ ಎಪ್ಪತ್ತರ ಹತ್ತಿರ. ಅಪ್ಪನಿಗೆ ಮಂಡಿನೋವು, ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಡಿಸೆಂಬರಿನಲ್ಲಿ ನಾಲ್ಕು ದಿನ ಬ್ಯಾಂಕಾಕ್‌ಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಶಾಪಿಂಗ್ ಬೇಡ, ಊರು ನೋಡಬೇಕು. ಹೋಗಿ ಬಂದವರು ದಯವಿಟ್ಟು ತಿಳಿಸಿ.

ಕೆಲಸದ ಮೇಲೆ ಅಲ್ಲಿದ್ದವರು:
ಡಿಸೆಂಬರ್ ಒಳ್ಳೆಯ ಸಮಯ ಮೇಡಂ, ಮಳೆ ನಿಂತು ಸೆಕೆ ಸ್ವಲ್ಪ ತಗ್ಗಿರುತ್ತದೆ. ಆದರೂ ಹನ್ನೊಂದರ ಮೇಲಿನ ಬಿಸಿಲು ಹಿರಿಯರಿಗೆ ಕಷ್ಟ. ಬೆಳಿಗ್ಗೆ ಒಂದು ಜಾಗ, ಮಧ್ಯಾಹ್ನ ರೂಮಿನಲ್ಲಿ ನಿದ್ದೆ, ಸಂಜೆ ನದಿ ಕಡೆ. ಇದಕ್ಕಿಂತ ಹೆಚ್ಚು ತುರುಕಬೇಡಿ.

ಗ್ರ್ಯಾಂಡ್ ಪ್ಯಾಲೇಸ್ ಬೆಳಿಗ್ಗೆ 8.30ಕ್ಕೆ ತೆರೆಯುತ್ತದೆ, ಆ ಹೊತ್ತಿಗೇ ಬಾಗಿಲಲ್ಲಿರಿ. 1782ರಲ್ಲಿ ಥಾಯ್ ದೊರೆ ಒಂದನೇ ರಾಮ ಹೊಸ ರಾಜಧಾನಿ ಮಾಡಿಕೊಂಡಾಗ ಕಟ್ಟಲು ಶುರುಮಾಡಿದ ಅರಮನೆ ಇದು. ಹೆಚ್ಚಿನವರು ಆವರಣದೊಳಗಿನ ಗುಡಿಯಲ್ಲಿ ಪಚ್ಚೆ ಬುದ್ಧನನ್ನು ನೋಡಿ, ಫೋಟೊ ತೆಗೆದು ಹೊರಟುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಆ ಗುಡಿಯ ಸುತ್ತ ಉದ್ದಕ್ಕೂ ಮಾಡು ಇರುವ ಪ್ರಾಕಾರವಿದೆ. ಅದರ ಗೋಡೆಯ ಮೇಲೆ 178 ಚಿತ್ರಗಳಲ್ಲಿ ಇಡೀ ರಾಮಕಿಯೆನ್, ಅಂದರೆ ಅವರ ರಾಮಾಯಣ ಇದೆ. ನೆರಳಿನಲ್ಲಿ ನಿಧಾನವಾಗಿ ನಡೆಯಬಹುದು. ಅಪ್ಪ-ಅಮ್ಮನಿಗೆ ಯಾರೂ ಕಥೆ ಹೇಳಿಕೊಡಬೇಕಾಗಿಲ್ಲ: ಹಸಿರು ಮೈಯ ರಾವಣ, ಬಿಳಿ ಹನುಮಂತ, ಲಂಕೆಗೆ ಸೇತುವೆ ಎಲ್ಲ ಅವರೇ ಗುರುತಿಸುತ್ತಾರೆ. ಬೇರೆ ಸಂಗತಿಗಳೂ ಸಿಗುತ್ತವೆ. ನಮ್ಮ ಆಂಜನೇಯ ಬ್ರಹ್ಮಚಾರಿ. ಅಲ್ಲಿನವನು ಸೇತುವೆ ಕಟ್ಟುವಾಗ ರಾವಣನ ಮಗಳಾದ ಮತ್ಸ್ಯಕನ್ಯೆಗೆ ಮನಸೋಲುತ್ತಾನೆ. ಇಡೀ ಬ್ಯಾಂಕಾಕ್‌ನಲ್ಲಿ ನಮ್ಮ ಹಿರಿಯರಿಗೆ ತೋರಿಸಲೇಬೇಕಾದ್ದು ಒಂದೇ ಅಂದರೆ ನಾನು ಈ ಗೋಡೆಯನ್ನೇ ಹೇಳುತ್ತೇನೆ.

ಭುಜ, ಮಂಡಿ ಮುಚ್ಚುವ ಬಟ್ಟೆ ಕಡ್ಡಾಯ. ಅಮ್ಮನ ಸೀರೆಗೆ ತೊಂದರೆಯಿಲ್ಲ. ಹೊರಗೆ ಯಾರಾದರೂ ನಯವಾಗಿ "ಅರಮನೆ ಇವತ್ತು ಮುಚ್ಚಿದೆ, ಟುಕ್‌ಟುಕ್‌ನಲ್ಲಿ ಬೇರೆ ಗುಡಿ ತೋರಿಸ್ತೀವಿ" ಎಂದರೆ ನಿಲ್ಲಬೇಡಿ, ನೇರ ಟಿಕೆಟ್ ಕೌಂಟರಿಗೆ ನಡೆಯಿರಿ. ಆ ಸವಾರಿ ಮುಗಿಯುವುದು ಹರಳಿನ ಅಂಗಡಿಯಲ್ಲಿ.

ಮರುದಿನ ವಾಟ್ ಫೋ ಗುಡಿ. 46 ಮೀಟರ್ ಉದ್ದದ ಮಲಗಿದ ಬುದ್ಧ; ಪಾದಗಳಲ್ಲಿ ಮುತ್ತಿನ ಚಿಪ್ಪಿನಿಂದ ಕೂರಿಸಿದ 108 ಮಂಗಳ ಚಿಹ್ನೆಗಳು. ಹಿಂದಿನ ಸಾಲಿನಲ್ಲಿ 108 ಕಂಚಿನ ಪಾತ್ರೆಗಳಿವೆ, ಒಂದೊಂದಕ್ಕೂ ಚಿಲ್ಲರೆ ಹಾಕುತ್ತ ಹೋಗಬಹುದು. ಒಳಗೇ ಥಾಯ್ ಮಸಾಜ್ ಶಾಲೆಯಿದೆ. ನದಿಯ ಎದುರು ದಡದ ವಾಟ್ ಅರುಣ್ ಗುಡಿಯ ಮೆಟ್ಟಿಲು ತುಂಬ ಕಡಿದು, ಅಪ್ಪ ಹತ್ತುವುದು ಬೇಡ. ಸಂಜೆ ಈ ದಡದಿಂದ ನೋಡಿದರೇ ಚೆಂದ.

ಅತ್ತೆಯವರನ್ನು ಕರೆದುಕೊಂಡು ಹೋಗಿದ್ದವರು:
ಊಟದ ಬಗ್ಗೆ ಹೇಳುತ್ತೇನೆ. "ಮಾಂಸ ಬೇಡ" ಎಂದರೆ ಸಾಲದು, ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. "ಜೇ", ಅಂದರೆ ಕಟ್ಟಾ ಸಸ್ಯಾಹಾರ, ಎಂದು ಕೇಳಿ. ಅದರಲ್ಲಿ ಮೊಟ್ಟೆ, ಹಾಲು ಇರುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮತ್ತೆ ನೆಮ್ಮದಿಯಿಂದ ಉಂಡರು. ಅಂಥ ಅಂಗಡಿಗಳಲ್ಲಿ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುತ್ತದೆ. ಪಾಹುರತ್ ಬಡಾವಣೆಯಲ್ಲಿ ಭಾರತೀಯ ಹೋಟೆಲುಗಳಿವೆ, ಅಲ್ಲಿನ ದೊಡ್ಡ ಗುರುದ್ವಾರದಲ್ಲಿ ಲಂಗರ್ ಊಟ ಉಚಿತ.

ಸೀಲೊಂ ಬಡಾವಣೆಯ ಮಾರಿಯಮ್ಮನ ಗುಡಿಗೆ ಖಂಡಿತ ಹೋಗಿ. ತಮಿಳರು ಕಟ್ಟಿದ್ದು, ಈಗ ಥಾಯ್ ಭಕ್ತರೂ ತುಂಬಿರುತ್ತಾರೆ. ಚಿಟ್‌ಲೊಂ ಸ್ಟೇಷನ್ ಹತ್ತಿರದ ಎರವಾನ್ ಗುಡಿ 1956ರದ್ದು, ಅಲ್ಲಿರುವುದು ಚತುರ್ಮುಖ ಬ್ರಹ್ಮ. ನಮ್ಮಲ್ಲಿ ಅಪರೂಪವಾದ ಬ್ರಹ್ಮನ ಪೂಜೆ ಅಲ್ಲಿ ನಡುರಸ್ತೆಯ ಗದ್ದಲದಲ್ಲಿ ನಡೆಯುತ್ತದೆ. ಹರಕೆ ತೀರಿದವರು ನರ್ತಕಿಯರನ್ನು ಕುಣಿಸುತ್ತಾರೆ.

ಇನ್ನೊಬ್ಬರು:
ಮೇಲಿನವರ ಮಾತಿಗೆ ಒಂದೇ ತಿದ್ದುಪಡಿ. ನಾಲ್ಕು ದಿನದಲ್ಲಿ ಒಂದು ಬೆಳಗನ್ನು ಅಯುತ್ಥಯಕ್ಕೆ ಕೊಡಿ. ಸುಮಾರು 80 ಕಿ.ಮೀ., ಕಾರು ಮಾಡಿಕೊಳ್ಳಿ. 1767ರಲ್ಲಿ ಬರ್ಮಾದ ಸೈನ್ಯ ಹಾಳುಗೆಡವಿದ ರಾಜಧಾನಿ, ಹಂಪಿ ಕಂಡವರಿಗೆ ಎದೆಗೆ ತಾಗುತ್ತದೆ. ವಾಟ್ ಮಹಾತಾತ್‌ನಲ್ಲಿ ಮರದ ಬೇರುಗಳ ನಡುವೆ ಸಿಕ್ಕಿಕೊಂಡ ಬುದ್ಧನ ತಲೆಯಿದೆ. ಫೋಟೊಗೆ ಅದಕ್ಕಿಂತ ತಗ್ಗಾಗಿ ಕೂರಬೇಕು. ತೇಲುವ ಮಾರುಕಟ್ಟೆ ಬಿಟ್ಟರೂ ನಷ್ಟವಿಲ್ಲ.

ನದಿಯ ಬೋಟು ಅಗ್ಗ, ಆದರೆ ಕಟ್ಟೆಯಲ್ಲಿ ನಿಲ್ಲುವುದು ಕ್ಷಣ ಮಾತ್ರ, ಮಂಡಿನೋವಿನವರು ಹಾರಿ ಹತ್ತಬೇಕಾಗುತ್ತದೆ. ಅರಮನೆ ಕಡೆಗೆ ಮೆಟ್ರೋದಲ್ಲಿ ಹೋಗಿ ಸನಾಮ್ ಚಾಯ್‌ನಲ್ಲಿ ಇಳಿಯಿರಿ, ವಾಟ್ ಫೋ ಅಲ್ಲೇ ಪಕ್ಕ.

ವಾಪಸು ಬರುವಾಗ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ತಪಾಸಣೆ ಬೇಗ ಮುಗಿಸಿಕೊಳ್ಳಿ. ಒಳಗೆ ಸಮುದ್ರಮಥನದ ದೊಡ್ಡ ಶಿಲ್ಪವಿದೆ. ಕೈಯಲ್ಲಿ ಸಮಯವಿದ್ದರೆ ಅಪ್ಪ-ಅಮ್ಮ ಅದನ್ನು ಸುತ್ತು ಹಾಕಿಯೇ ವಿಮಾನ ಹತ್ತಬಹುದು.