ರಕ್ತಸ್ರಾವವಿಲ್ಲದ ನವಜಾತ ಶಿಶುವಿಗೆ ಪ್ಲೇಟ್‌ಲೆಟ್: ಎಣಿಕೆ ಎಷ್ಟಕ್ಕಿಳಿದಾಗ ಕೊಡಬೇಕು?

ಪ್ರಶ್ನೆ: ಸ್ಟಾಫ್ ನರ್ಸ್, ಕೋಲಾರ

ನಾನು ಕೋಲಾರದ ಆಸ್ಪತ್ರೆಯೊಂದರ ನವಜಾತ ಶಿಶು ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡುತ್ತೇನೆ. ದಿನ ತುಂಬದೆ ಹುಟ್ಟಿದ ಮಗುವಿನ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣ) ಎಣಿಕೆ ಮೈಕ್ರೋಲೀಟರ್ ರಕ್ತಕ್ಕೆ 50,000ಕ್ಕಿಂತ ಕೆಳಗಿಳಿದರೆ, ರಕ್ತಸ್ರಾವ ಇರಲಿ ಇಲ್ಲದಿರಲಿ, ಪ್ಲೇಟ್‌ಲೆಟ್ ಏರಿಸುವುದು ನಮ್ಮಲ್ಲಿ ನಡೆದುಬಂದ ರೂಢಿ. ವರದಿ ರಾತ್ರಿ ಬಂದರೆ ಪ್ಲೇಟ್‌ಲೆಟ್ ತರಲು ಮಗುವಿನ ತಂದೆಯನ್ನೋ ಸೋದರಮಾವನನ್ನೋ ಬೆಂಗಳೂರಿಗೆ ಓಡಿಸಬೇಕಾಗುತ್ತದೆ. ಒಬ್ಬ ವೈದ್ಯರು 25,000ದವರೆಗೆ ಕಾಯಬಹುದು ಎನ್ನುತ್ತಾರೆ, ಮತ್ತೊಬ್ಬರು ಒಪ್ಪುವುದಿಲ್ಲ. ಪಾಳಿ ಬದಲಾದಂತೆಲ್ಲ ನಿಯಮವೂ ಬದಲಾಗುವುದು ಮಗುವಿನ ಹಿತಕ್ಕೆ ಒಳ್ಳೆಯದಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಈ ಎರಡರಲ್ಲಿ ಯಾವುದಕ್ಕೆ ಆಧಾರವಿದೆ?

ಉತ್ತರ: ನವಜಾತ ಶಿಶು ತಜ್ಞ, ತುಮಕೂರು

ಸಿಸ್ಟರ್, ಕಾಯುವುದಕ್ಕೇ ಗಟ್ಟಿ ಆಧಾರವಿದೆ. 34 ವಾರ ತುಂಬುವ ಮೊದಲೇ ಹುಟ್ಟಿದ 660 ಶಿಶುಗಳನ್ನು ಒಳಗೊಂಡು ಬ್ರಿಟನ್, ಐರ್ಲೆಂಡ್ ಮತ್ತು ನೆದರ್ಲೆಂಡ್ಸ್‌ಗಳಲ್ಲಿ ನಡೆದ, 2019ರಲ್ಲಿ ಪ್ರಕಟವಾದ ಪ್ಲಾನೆಟ್-2 ಅಧ್ಯಯನದಲ್ಲಿ ಒಂದು ಗುಂಪಿಗೆ ಎಣಿಕೆ 50,000ಕ್ಕಿಂತ, ಇನ್ನೊಂದು ಗುಂಪಿಗೆ 25,000ಕ್ಕಿಂತ ಕೆಳಗಿಳಿದಾಗ ಪ್ಲೇಟ್‌ಲೆಟ್ ಕೊಡಲಾಯಿತು. 28 ದಿನಗಳೊಳಗೆ ಸಾವು ಅಥವಾ ಹೊಸ ದೊಡ್ಡ ರಕ್ತಸ್ರಾವ ಸಂಭವಿಸಿದ್ದು ಮೊದಲ ಗುಂಪಿನಲ್ಲಿ ಶೇ. 26, ಎರಡನೆಯದರಲ್ಲಿ ಶೇ. 19. ಎರಡು ವರ್ಷದ ವಯಸ್ಸಿನಲ್ಲಿ ನೋಡಿದಾಗಲೂ ಕಡಿಮೆ ಮಿತಿಯ ಗುಂಪಿನ ಮಕ್ಕಳೇ ಮೇಲಾಗಿದ್ದರು. ನಮ್ಮ ದೇಶದಲ್ಲೇ, ಚಂಡೀಗಢದ ಪಿಜಿಐ ವೈದ್ಯಕೀಯ ಸಂಸ್ಥೆಯಲ್ಲಿ, ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕಾದ ಹೃದಯದ ಬಳಿಯ ಡಕ್ಟಸ್ ನಾಳ ಬೇಗ ಮುಚ್ಚಲೆಂದು ಹೆಚ್ಚಾಗಿ ಪ್ಲೇಟ್‌ಲೆಟ್ ಕೊಟ್ಟು ನೋಡಿದಾಗ ನಾಳವೂ ಬೇಗ ಮುಚ್ಚಲಿಲ್ಲ, ಮೆದುಳಿನೊಳಗಿನ ರಕ್ತಸ್ರಾವವೂ ಹೆಚ್ಚೇ ಕಂಡಿತು.

ಆದರೆ ಈ 25,000ದ ಮಿತಿ ರಕ್ತಸ್ರಾವವಿಲ್ಲದ ಮಗುವಿಗೆ ಮಾತ್ರ. ರಕ್ತ ಸೋರುತ್ತಿದ್ದರೆ, ಶಸ್ತ್ರಚಿಕಿತ್ಸೆಯಿದ್ದರೆ, ತಾಯಿಯ ಪ್ರತಿಕಾಯಗಳೇ ಮಗುವಿನ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುತ್ತಿದ್ದರೆ ಲೆಕ್ಕ ಬೇರೆ. ಕಾರಣ ಹುಡುಕುವುದನ್ನೂ ಬಿಡಬಾರದು. ಗರ್ಭಿಣಿಯಾಗಿದ್ದಾಗ ತಾಯಿಗೆ ರಕ್ತದೊತ್ತಡವಿದ್ದರೆ ಮೊದಲ ಮೂರು ದಿನಗಳಲ್ಲಿ ಎಣಿಕೆ ತುಸು ಇಳಿದು ಸಾಮಾನ್ಯವಾಗಿ ತಾನಾಗಿಯೇ ಏರುತ್ತದೆ. ಅದರ ನಂತರ ದಿಢೀರನೆ ಕುಸಿದರೆ ಸೋಂಕನ್ನೂ ಕರುಳಿನ ಉರಿಯೂತವನ್ನೂ ಮೊದಲು ಶಂಕಿಸಬೇಕು, ಏಕೆಂದರೆ ಅಂಥ ಮಗುವನ್ನು ಉಳಿಸುವುದು ಆ ಕಾಯಿಲೆಯ ಚಿಕಿತ್ಸೆ.

ಉತ್ತರ: ರಕ್ತನಿಧಿ ತಂತ್ರಜ್ಞ, ಕೋಲಾರ ಜಿಲ್ಲೆ

ಡಾಕ್ಟರ ಮಾತಿಗೆ ನನ್ನದೊಂದು ಸೇರ್ಪಡೆ. ಹಿಮ್ಮಡಿ ಚುಚ್ಚಿ ತೆಗೆದ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳು ಗುಂಪುಗಟ್ಟಿ ಎಣಿಕೆ ಸುಳ್ಳಾಗಿ ಕಡಿಮೆ ಬರಬಹುದು. ಆದ್ದರಿಂದ ಮಗು ಸ್ಥಿರವಾಗಿದ್ದರೆ ಯಾರನ್ನೂ ಬೆಂಗಳೂರಿಗೆ ಕಳಿಸುವ ಮೊದಲು ರಕ್ತನಾಳದಿಂದ ಮತ್ತೊಮ್ಮೆ ಮಾದರಿ ತೆಗೆದು, ಸ್ಲೈಡಿನಲ್ಲೂ ನೋಡಿಸಿ. ತರುವವರು ಚೀಲವನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ತಂದದ್ದನ್ನು ನಾನು ಕಂಡಿದ್ದೇನೆ, ಅದು ಬಹಳ ನೋವಿನ ಸಂಗತಿ. ಪ್ಲೇಟ್‌ಲೆಟ್ ಇರಬೇಕಾದದ್ದು 20ರಿಂದ 24 ಡಿಗ್ರಿ ಉಷ್ಣಾಂಶದಲ್ಲಿ, ಅಲುಗಾಡುತ್ತಾ. ತಣ್ಣಗಾದರೆ ಅದರ ಗುಣ ಕೆಡುತ್ತದೆ. ಒಂದು ಚೀಲದಲ್ಲಿ ಸುಮಾರು 50ರಿಂದ 70 ಮಿಲಿ ಇರುತ್ತದೆ, ಒಂದು ಕೆಜಿ ಮಗುವಿಗೆ ಬೇಕಾಗುವುದು 10ರಿಂದ 15 ಮಿಲಿ ಮಾತ್ರ. ಅಷ್ಟನ್ನೇ ಸಣ್ಣ ಚೀಲಕ್ಕೆ ಬೇರ್ಪಡಿಸಿ ಕೊಡಬಲ್ಲಿರಾ ಎಂದು ರಕ್ತನಿಧಿಯನ್ನು ಮೊದಲೇ ಕೇಳಿ.

ಉತ್ತರ: ಶುಶ್ರೂಷಕಿ, ಚಿಕ್ಕಬಳ್ಳಾಪುರ

ಅಕ್ಕ, ನಮ್ಮ ಘಟಕದಲ್ಲಿ ಪ್ಲೇಟ್‌ಲೆಟ್ ತರಿಸುವ ಮುನ್ನ ಒಂದು ಹಾಳೆ ತುಂಬುತ್ತೇವೆ: ರಕ್ತಸ್ರಾವ ಎಲ್ಲಾದರೂ ಇದೆಯೇ, ಮರುಪರೀಕ್ಷೆ ಆಯಿತೇ, ಕಾರಣ ಏನಿರಬಹುದು, ಮಗುವಿನ ತೂಕಕ್ಕೆ ಎಷ್ಟು ಮಿಲಿ ಎಂದು. ಕೊನೆಗೆ ವೈದ್ಯರ ಸಹಿ. ಈ ಹಾಳೆ ಬಂದ ಮೇಲೆ ರಾತ್ರಿ ಪಾಳಿಯವರು ಬೇರೆ, ಹಗಲಿನವರು ಬೇರೆ ಎಂಬ ಭೇದ ಉಳಿದಿಲ್ಲ. ಏಕೆ ಕಾಯುತ್ತಿದ್ದೇವೆ ಎಂಬುದನ್ನು ತಾಯಿಗೂ ಹೇಳಿ, ಹೇಳಿದ್ದೇವೆಂದು ಅದೇ ಹಾಳೆಯಲ್ಲಿ ಬರೆಯುತ್ತೇವೆ. ನಿಮ್ಮ ಮಕ್ಕಳ ವಿಭಾಗದ ಮುಖ್ಯಸ್ಥರ ಮುಂದೆ ಇದನ್ನಿಟ್ಟು ಕೇಳಿ ನೋಡಿ.